ಮುಳುಗಿದ ವಿಮಾನಕ್ಕೆ ವಾರಸುದಾರರು ಯಾರು?

ಗಾಜುವಾಕದ ಆಟೋನಗರದ ಗುಜರಿ ಅಂಗಡಿಯೊಂದರಲ್ಲಿ ಎರಡು ವರ್ಷಗಳ ಹಿಂದೆ ನಾನೊಂದು ಲೋಹದ ತುಂಡನ್ನು ಕಂಡೆ. ಮೊಳದುದ್ದದ ಅಲ್ಯೂಮಿನಿಯಂ ತಗಡು. ಅದರ ಅಂಚಿನುದ್ದಕ್ಕೂ ಒಂದೇ ಅಳತೆಯ ಅಂತರದಲ್ಲಿ ಸಾಲಾಗಿ ಬಡಿದ ರಿವೆಟ್ಟುಗಳು. ಒಳಮೈಯಲ್ಲಿ ಅಲ್ಲಲ್ಲಿ ಉಳಿದಿದ್ದ ಹಳದಿ ಬೆರೆತ ಹಸಿರು ಬಣ್ಣ. ಸಂದುಗಳಲ್ಲಿ ಒಣಗಿ ಗಟ್ಟಿಯಾದ ಕರಿಯ ಕೆಸರು. ಕೊಲ್ಲೇರು ಸರೋವರದ ಕಡೆ ಮೀನಿನ ಕೊಳ ತೋಡುವಾಗ ಸಿಕ್ಕಿದ್ದೆಂದೂ, ವಿಜಯವಾಡದ ಕಡೆಯಿಂದ ಬಂದ ಲಾರಿಯ ಗುಜರಿಯ ಜೊತೆ ಬಂದದ್ದೆಂದೂ ಅಂಗಡಿಯಾತ ಹೇಳಿದ. "ಒಳ್ಳೆಯ ಮಾಲು ಸಾರ್, ಕರಗಿಸಿದರೆ ತೂಕ ಕಡಿಮೆಯಾಗುವುದಿಲ್ಲ" ಎಂದು ಅವನ ಶಿಫಾರಸು.

ಅದು ಯುದ್ಧಕಾಲದ ವಿಮಾನದ ತುಂಡೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನಾನು ಇತಿಹಾಸದ ಸ್ನಾತಕೋತ್ತರ ಪದವೀಧರನೇ ಹೊರತು ವಿಮಾನಶಾಸ್ತ್ರಜ್ಞನಲ್ಲ. ಆದರೆ ಹೇಳಬಲ್ಲವರ ಬಳಿಗೆ ಅದನ್ನು ಒಯ್ಯೋಣವೆಂದು ಹೊರಟಾಗ ನನಗಾದ ಅನುಭವವೇ ಈ ಲೇಖನಕ್ಕೆ ಕಾರಣ. ಒಂದು ಕಚೇರಿಯವರು, ನೂರು ವರ್ಷ ತುಂಬದ ವಸ್ತು ತಮ್ಮ ವ್ಯಾಪ್ತಿಗೆ ಬಾರದೆಂದರು. ಇನ್ನೊಂದು ಕಚೇರಿಯವರು, ಅದು ತಮ್ಮ ದಾಸ್ತಾನು ಪಟ್ಟಿಯಲ್ಲಿ ಇಲ್ಲವೆಂದ ಮೇಲೆ ತಮ್ಮದಲ್ಲವೆಂದರು. ಮೂರನೆಯವರು ಲಿಖಿತ ಅರ್ಜಿ ಕೊಡಿ ಎಂದರು, ಕೊಟ್ಟೆ, ಉತ್ತರ ಬರಲಿಲ್ಲ. ಮೂವತ್ತು ವರ್ಷ ಕೇಂದ್ರ ಸರ್ಕಾರದ ಸೇವೆಯಲ್ಲಿ ಇಂತಹ ಉತ್ತರಗಳನ್ನು ಬರೆದು ಅಭ್ಯಾಸವಿರುವ ನನಗೆ, ಅವನ್ನು ಪಡೆದುಕೊಳ್ಳುವವರ ಸ್ಥಿತಿ ಅಂದು ಅರ್ಥವಾಯಿತು. ಹದಿನೈದು ದಿನಗಳ ನಂತರ ಅಂಗಡಿಗೆ ಹೋದಾಗ ತುಂಡು ಇರಲಿಲ್ಲ. ಅಂದೇ ನೂರಿನ್ನೂರು ರೂಪಾಯಿ ತೆತ್ತು ಅದನ್ನು ಮನೆಗೆ ತರಬಹುದಾಗಿತ್ತು. ತರಲಿಲ್ಲ. ಆ ತಪ್ಪು ನನ್ನದು. ಆದರೆ ತಪ್ಪು ನನ್ನೊಬ್ಬನದೇ ಅಲ್ಲವೆಂಬುದನ್ನು ಹೇಳುವುದು ಇಂದಿನ ಉದ್ದೇಶ.

ಈ ವಿಷಯವನ್ನು ನಮ್ಮ ಸಂಘದ ಮಾಸಿಕ ಸಭೆಯೊಂದರಲ್ಲಿ ಪ್ರಸ್ತಾಪಿಸಿದಾಗ ನಾನು ಗೌರವಿಸುವ ಹಿರಿಯರೊಬ್ಬರು ನಕ್ಕರು. "ಅಲ್ಲ ಸ್ವಾಮಿ, ಅದು ಯಾರದೋ ಯುದ್ಧ. ಬ್ರಿಟಿಷರೂ ಜಪಾನೀಯರೂ ಹೊಡೆದಾಡಿಕೊಂಡರು. ಅವರ ಮುರುಕು ವಿಮಾನ ಕೆರೆಯಲ್ಲಿದ್ದರೇನು, ಕುಲುಮೆಯಲ್ಲಿದ್ದರೇನು? ನಮಗೆ ಮಾಡಲು ಬೇರೆ ಕೆಲಸವಿಲ್ಲವೇ?" ಎಂದರು. ಸಭೆಯಲ್ಲಿ ಹಲವರು ತಲೆದೂಗಿದರು. ವಿದ್ಯಾವಂತರ ಈ ತಲೆದೂಗುವಿಕೆಯನ್ನೇ ನಾನು ಇಲ್ಲಿ ವಿರೋಧಿಸಲು ಹೊರಟಿದ್ದೇನೆ. ಹಿರಿಯರು ಕ್ಷಮಿಸಬೇಕು.

ಮೊದಲಿಗೆ, ನಾವು ನಿಂತಿರುವ ನೆಲವನ್ನೇ ನೋಡೋಣ. 1942ರ ಏಪ್ರಿಲ್ 6ರಂದು ಜಪಾನಿನ 'ರ್ಯೂಜೋ' ಎಂಬ ವಿಮಾನವಾಹಕ ನೌಕೆಯಿಂದ ಹಾರಿದ ವಿಮಾನಗಳು ವಿಶಾಖಪಟ್ಟಣದ ಮೇಲೂ ಕಾಕಿನಾಡದ ಮೇಲೂ ಬಾಂಬು ಹಾಕಿದವು. ಹಿಂದಿನ ದಿನ ಕೊಲಂಬೋ, ಮೂರು ದಿನಗಳ ನಂತರ ತ್ರಿಂಕೋಮಲೆ. ಅದೇ ವಾರ ಬಂಗಾಳ ಕೊಲ್ಲಿಯಲ್ಲಿ ಓಝಾವಾ ಎಂಬ ಅಡ್ಮಿರಲ್‌ನ ನೌಕಾಪಡೆ ಇಪ್ಪತ್ತಕ್ಕೂ ಹೆಚ್ಚು ಸರಕು ಹಡಗುಗಳನ್ನು ಮುಳುಗಿಸಿತು. ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ಒಳನಾಡಿಗೆ ಓಡಿತು. ಆಂಧ್ರ ವಿಶ್ವವಿದ್ಯಾಲಯವೇ ಗುಂಟೂರಿಗೆ ವರ್ಗವಾಯಿತು. ಅಂದು ಸಿಡಿಯದೆ ಉಳಿದ ಜಪಾನೀ ಬಾಂಬೊಂದು ಇಂದಿಗೂ ಬೀಚ್ ರಸ್ತೆಯ ವಿಶಾಖ ವಸ್ತುಸಂಗ್ರಹಾಲಯದಲ್ಲಿದೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಅದರ ಪಕ್ಕದಲ್ಲಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವ ನಾವು, ಅದನ್ನು "ಯಾರದೋ ಯುದ್ಧ" ಎನ್ನುತ್ತೇವೆ. ಬಾಂಬು ಬಿದ್ದದ್ದು ಯಾರ ತಲೆಯ ಮೇಲೆ? ಬಂದರಿನ ಕೂಲಿಗಳು ಯಾವ ದೇಶದವರಾಗಿದ್ದರು? ಆ ಯುದ್ಧದಲ್ಲಿ ಇಪ್ಪತ್ತೈದು ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಸುಮಾರು ಎಂಬತ್ತೇಳು ಸಾವಿರ ಮಂದಿ ಮರಳಿ ಬರಲಿಲ್ಲ. ಶವ ದೊರೆಯದ ವೈಮಾನಿಕರ ಹೆಸರುಗಳು, ಭಾರತೀಯರದೂ ಸೇರಿದಂತೆ, ಸಿಂಗಪುರದ ಕ್ರಾಂಜಿಯ ಸ್ಮಾರಕದ ಗೋಡೆಯ ಮೇಲಿವೆ. ಗೋಡೆಯ ಮೇಲೆ ಹೆಸರು ಕೊರೆದಿದ್ದಾರೆಂದರೆ ದೇಹ ಎಲ್ಲೋ ಇದೆ ಎಂದೇ ಅರ್ಥ. ಕಾಡಿನಲ್ಲಿದೆ, ಕಡಲಿನಲ್ಲಿದೆ, ಇಲ್ಲವೇ ಯಾವುದೋ ಒಳನಾಡಿನ ನೀರಿನಡಿಯ ಕೆಸರಿನಲ್ಲಿದೆ.

ಇನ್ನು ಕನ್ನಡಿಗರ ಮಾತು. ಈ ಯುದ್ಧದ ವಿಮಾನಗಳಿಗೂ ಕನ್ನಡ ನಾಡಿಗೂ ಏನು ಸಂಬಂಧವೆಂದು ಕೇಳುವವರು ಬೆಂಗಳೂರಿನ ಚರಿತ್ರೆಯನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ನೆಲವನ್ನೂ ಬಂಡವಾಳವನ್ನೂ ಕೊಟ್ಟಿತು. 1941ರಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಸೇರಿತು. ಬರ್ಮಾ ಮತ್ತು ಚೀನಾ ರಂಗಗಳಲ್ಲಿ ಗಾಯಗೊಂಡ ವಿಮಾನಗಳು ದುರಸ್ತಿಗೆ ಬರುತ್ತಿದ್ದುದು ಬೆಂಗಳೂರಿಗೆ. ಅವುಗಳಲ್ಲಿ ಕ್ಯಾಟಲಿನಾ ಎಂಬ ಜಲವಿಮಾನಗಳೂ ಇದ್ದವು. ಹೊಟ್ಟೆಯೇ ದೋಣಿಯಾಗಿರುವ ಅಂತಹ ವಿಮಾನಕ್ಕೆ ಇಳಿಯಲು ನೀರು ಬೇಕು. ಕಾರ್ಖಾನೆಯ ಮಗ್ಗುಲಲ್ಲಿ, ನೂರಾರು ಎಕರೆ ವಿಸ್ತಾರದ ಬೆಳ್ಳಂದೂರು ಕೆರೆ ಇತ್ತು. ಕ್ಯಾಟಲಿನಾಗಳು ಅಲ್ಲಿ ಇಳಿದವು.

ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಗದ್ದೆಗೆ ನೀರುಣಿಸಲು ನಮ್ಮ ಪೂರ್ವಿಕರು ಏರಿ ಹಾಕಿ, ತೂಬು ಇಟ್ಟು, ಕೋಡಿ ಕಟ್ಟಿದ ಕೆರೆ. ಅದರ ಮೇಲೆ ಪೆಸಿಫಿಕ್ ಮಹಾಸಾಗರಕ್ಕೆಂದು ನಿರ್ಮಿಸಿದ ವಿಮಾನ ನೀರೆರಚುತ್ತ ಇಳಿಯುತ್ತದೆ. ಎಮ್ಮೆ ತೊಳೆಯುತ್ತಿದ್ದ ಹುಡುಗ ದಡದಲ್ಲಿ ನಿಂತು ನೋಡುತ್ತಾನೆ. ನಾಲ್ಕು ವರ್ಷಗಳ ನಂತರ ಅದೇ ಹುಡುಗ ಕಾರ್ಖಾನೆಯಲ್ಲಿ ರಿವೆಟ್ಟು ಬಡಿಯುತ್ತಾನೆ. ಬೆಂಗಳೂರನ್ನು ಇಂದು ವಿಮಾನ ತಂತ್ರಜ್ಞಾನದ ರಾಜಧಾನಿಯೆಂದು ಹೊಗಳುವವರು ಆ ಹುಡುಗನ ಹೆಸರನ್ನು ಎಲ್ಲಿಯಾದರೂ ಬರೆದಿಟ್ಟಿದ್ದಾರೆಯೇ?

ಇದೇ ಕಾರ್ಖಾನೆಯ ಕೆಲಸಗಾರರ ಇನ್ನೊಂದು ಸಾಹಸವನ್ನು ನೆನೆಯಬೇಕು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದ ಚಕೇರಿಯಲ್ಲಿ, ಮತ್ತೆ ಯಾರೂ ಹಾರಿಸದಂತೆ ಕೆಡಿಸಿ ಬಿಟ್ಟುಹೋಯಿತು. ಬೆಂಗಳೂರಿನಿಂದ ಹೋದ ಯೆಲ್ಲಪ್ಪನವರ ನೇತೃತ್ವದ ತಂಡ ಆ ಹೆಣಗಳ ರಾಶಿಯಿಂದ ಒಂದೊಂದನ್ನೇ ಎಬ್ಬಿಸಿ ನಿಲ್ಲಿಸಿತು. ಪರೀಕ್ಷಾ ಪೈಲಟ್ ಜಮ್‌ಶೆಡ್ ಕೈಕೋಬಾದ್ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಪೂರ್ಣ ದುರಸ್ತಿಯಾದ ಮೇಲೆ 1948ರಿಂದ ಭಾರತೀಯ ವಾಯುಪಡೆಯಲ್ಲಿ ಅವು ಸೇವೆ ಸಲ್ಲಿಸಿದವು, 1968ರವರೆಗೆ. ಜಗತ್ತಿನಲ್ಲಿ ಇಂದು ಉಳಿದಿರುವ ಕೆಲವೇ ಲಿಬರೇಟರುಗಳಲ್ಲಿ ಹಲವು ಈ ನಮ್ಮವೇ: ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯದಲ್ಲಿರುವುದು, ಕೆನಡಾದ ಒಟ್ಟಾವದಲ್ಲಿರುವುದು, ಅಮೆರಿಕದ ಅರಿಜೋನಾದಲ್ಲಿರುವುದು, ಎಲ್ಲವೂ ಭಾರತದಿಂದ ಹೋದವು. ಅವರ ಗುಜರಿಯನ್ನು ನಾವು ವಿಮಾನ ಮಾಡಿದೆವು. ನಾವು ನಿವೃತ್ತಿಗೊಳಿಸಿದ್ದನ್ನು ಅವರು ಪರಂಪರೆಯೆಂದು ಒಯ್ದು ಪೂಜಿಸುತ್ತಿದ್ದಾರೆ. ಆ ವಿಮಾನಗಳ ಮೈಮೇಲಿನ ಕನ್ನಡಿಗರ ಕೈಕೆಲಸವನ್ನು ನೋಡಲು ನಮ್ಮ ಮಕ್ಕಳು ಪರದೇಶಕ್ಕೆ ಟಿಕೆಟ್ಟು ಕೊಳ್ಳಬೇಕಾಗಿದೆ.

ಬೆಳ್ಳಂದೂರು ಕೆರೆಯ ಗತಿ ಎಲ್ಲರಿಗೂ ತಿಳಿದದ್ದೇ. ನಗರದ ಚರಂಡಿಯೆಲ್ಲ ಅದರೊಳಗೆ ಹರಿಯಿತು. 2015ರಿಂದಾಚೆಗೆ ನೊರೆ ರಸ್ತೆಗೆ ಉಕ್ಕಿತು. ನೀರಿಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಆ ಬೆಂಕಿಯನ್ನು ಆರಿಸಲು ಸೇನೆಯ ಜವಾನರು ಬರಬೇಕಾಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಛೀಮಾರಿ ಹಾಕಿದ ಮೇಲೆ ಹೂಳೆತ್ತುವ ಕೆಲಸ ಆರಂಭವಾಯಿತು. ಹೂಳು ಎತ್ತಲೇಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಯುದ್ಧಕಾಲದಲ್ಲಿ ವಿಮಾನ ಇಳಿದ ಕೆರೆಯ ಹೂಳನ್ನು ಎತ್ತುವ ಮುನ್ನ, ಅದರಲ್ಲಿ ಏನಿರಬಹುದೆಂದು ಒಮ್ಮೆ ಶೋಧಿಸಿ ನೋಡುವುದು ಅಗತ್ಯವೆಂದು ಟೆಂಡರಿನ ಯಾವುದಾದರೂ ಷರತ್ತು ಹೇಳುತ್ತದೆಯೇ? ನಮ್ಮ ನಾಡಿನಲ್ಲಿ ಕೆರೆಯ ಹೂಳೆಂದರೆ ಘನಮೀಟರಿನ ಲೆಕ್ಕ, ಲಾರಿಯ ಲೆಕ್ಕ, ಬಿಲ್ಲಿನ ಲೆಕ್ಕ. ಚರಿತ್ರೆಯ ಲೆಕ್ಕ ಅದರಲ್ಲಿಲ್ಲ. ಲಂಗರು ಸರಪಳಿಯೋ, ರೆಕ್ಕೆಯ ತುದಿಯೋ, ಸಿಡಿಯದ ಮದ್ದುಗುಂಡೋ, ಯಾವುದಾದರೂ ಜೆಸಿಬಿಯ ಬಾಯಿಗೆ ಸಿಕ್ಕರೆ ಅದು ಸಂಜೆಯೊಳಗೆ ಗುಜರಿ ಅಂಗಡಿ ಸೇರುತ್ತದೆ. ಸಿಡಿಯದ ಬಾಂಬಾಗಿದ್ದರೆ ಕೂಲಿಯವನ ಪ್ರಾಣವೂ ಅದರೊಡನೆ ಹೋಗುತ್ತದೆ. ಮದರಾಸಿನ ಪುಳಲ್ ಕೆರೆ, ಅಂದರೆ ರೆಡ್ ಹಿಲ್ಸ್ ಕೆರೆ, ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಜಲವಿಮಾನ ನೆಲೆಯೇ ಆಗಿತ್ತು. ಅದಕ್ಕೂ ಮುಂಚೆ, 1938ರ ಸುಮಾರಿಗೆ, ಇಂಪೀರಿಯಲ್ ಏರ್‌ವೇಸ್‌ನ ಜಲವಿಮಾನಗಳು ಕರಾಚಿಯಿಂದ ಹೊರಟು ರಾಜಸಮಂದ, ಗ್ವಾಲಿಯರ್, ಅಲಹಾಬಾದುಗಳ ನೀರಿನ ಮೇಲೆ ಇಳಿದು ಕಲ್ಕತ್ತೆಗೆ ಹೋಗುತ್ತಿದ್ದವು. ಭಾರತದ ಕೆರೆಗಳು ಒಂದು ಕಾಲಕ್ಕೆ ವಿಮಾನ ನಿಲ್ದಾಣಗಳಾಗಿದ್ದವೆಂಬುದು ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ವಾಕ್ಯವೂ ಆಗಿಲ್ಲ.

ಬೇರೆಯವರು ಏನು ಮಾಡಿದ್ದಾರೆಂದು ನೋಡಿದರೆ ನಾಚಿಕೆಯಾಗುತ್ತದೆ. 1940ರ ಡಿಸೆಂಬರ್ 31ರಂದು ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ ವೆಲಿಂಗ್ಟನ್ ಬಾಂಬರ್ ಒಂದು ಇಂಜಿನ್ನು ಕೆಟ್ಟು ಇಳಿದು ಮುಳುಗಿತು. 1976ರಲ್ಲಿ ಅದನ್ನು ಕಂಡವರು ವಿಮಾನ ಹುಡುಕುತ್ತಿದ್ದವರಲ್ಲ. ಆ ಸರೋವರದ ದಂತಕಥೆಯ ದೈತ್ಯ ಪ್ರಾಣಿಯನ್ನು ಸೋನಾರ್ ಯಂತ್ರ ಹಿಡಿದು ಹುಡುಕುತ್ತಿದ್ದವರು! 1985ರಲ್ಲಿ ಅದನ್ನು ಮೇಲೆತ್ತಿ, ಅದು ತಯಾರಾದ ಬ್ರೂಕ್‌ಲ್ಯಾಂಡ್ಸ್‌ಗೇ ಒಯ್ದು ವಸ್ತುಸಂಗ್ರಹಾಲಯದಲ್ಲಿಟ್ಟರು. ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದ ಮೂರು ವಾರಗಳಿಗೆ, ಅದೇ 1942ರ ಏಪ್ರಿಲಿನಲ್ಲಿ, ನಾರ್ವೆಯ ಹೋಕ್ಲಿಂಗನ್ ಸರೋವರದ ಹಿಮದ ಮೇಲೆ ಇಳಿದು ಮುಳುಗಿದ ಹ್ಯಾಲಿಫ್ಯಾಕ್ಸ್ ವಿಮಾನವನ್ನು 1973ರಲ್ಲಿ ಎತ್ತಿದರು. ಅದನ್ನು ಬಣ್ಣ ಬಳಿದು ಹೊಸತು ಮಾಡದೆ, ಸರೋವರ ಕೊಟ್ಟ ರೂಪದಲ್ಲೇ ಲಂಡನ್ನಿನಲ್ಲಿ ಇಟ್ಟಿದ್ದಾರೆ. ಅಮೆರಿಕದ ಮಿಶಿಗನ್ ಸರೋವರದಲ್ಲಿ ಯುದ್ಧಕಾಲದ ನೌಕಾ ಪೈಲಟ್ಟುಗಳು ತರಬೇತಿ ಪಡೆಯುವಾಗ ನೂರಕ್ಕೂ ಹೆಚ್ಚು ವಿಮಾನಗಳು ಮುಳುಗಿದವು. ಉಪ್ಪಿಲ್ಲದ ತಣ್ಣನೆಯ ನೀರು ಅಲ್ಯೂಮಿನಿಯಮನ್ನು ಕಾಪಾಡಿತು. ಅಲ್ಲಿಂದ 1994ರಲ್ಲಿ ಎತ್ತಿದ ಡಾಂಟ್‌ಲೆಸ್ ವಿಮಾನವೊಂದು ಮಿಡ್‌ವೇ ಕದನದಲ್ಲಿ ಹೋರಾಡಿದ್ದು. ಡಚ್ಚರ ಸರ್ಕಾರವಂತೂ 2019ರಿಂದ ರಾಷ್ಟ್ರೀಯ ಕಾರ್ಯಕ್ರಮವನ್ನೇ ರೂಪಿಸಿ, ವೈಮಾನಿಕರ ಅವಶೇಷಗಳಿರಬಹುದಾದ ವಿಮಾನಗಳನ್ನು ಒಂದೊಂದಾಗಿ ಎತ್ತುತ್ತಿದೆ. ಆ ವೈಮಾನಿಕರಲ್ಲಿ ಬಹುಪಾಲು ಡಚ್ಚರಲ್ಲ, ಪರದೇಶದವರು. "ಯಾರದೋ ಯುದ್ಧ" ಎಂದು ಅಲ್ಲಿ ಯಾರೂ ತಲೆದೂಗಲಿಲ್ಲ.

ನಮ್ಮಲ್ಲಿ? ಅರುಣಾಚಲದ ಬೆಟ್ಟಗಳಲ್ಲಿ, ಅಸ್ಸಾಮಿನಿಂದ ಚೀನಾಕ್ಕೆ ಹಾರುತ್ತಿದ್ದ 'ಹಂಪ್' ಮಾರ್ಗದ ವಿಮಾನಗಳು ಬಿದ್ದಿವೆ; ಆ ಮಾರ್ಗದಲ್ಲಿ ಕಳೆದುಹೋದವು ಸುಮಾರು ಆರುನೂರು. 1944ರ ಜನವರಿ 25ರಂದು ಕಾಣೆಯಾದ ಎಂಟು ಮಂದಿಯ ಲಿಬರೇಟರ್ ಒಂದನ್ನು 2006ರಲ್ಲಿ ಪತ್ತೆ ಮಾಡಿದವರು ಕ್ಲೇಟನ್ ಕೂಲ್ಸ್ ಎಂಬ ಅಮೆರಿಕನ್ ಪ್ರಜೆ, ಸ್ಥಳೀಯ ಬೇಟೆಗಾರರ ನೆರವಿನಿಂದ. ಆಮೇಲೆ ಅನುಮತಿಯ ಕಡತ ವರ್ಷಗಟ್ಟಲೆ ಮಲಗಿತು. ಅವಶೇಷಗಳು ದೆಹಲಿಯಲ್ಲಿ ಅಮೆರಿಕನ್ನರ ಕೈ ಸೇರಿದ್ದು 2016ರ ಏಪ್ರಿಲಿನಲ್ಲಿ. ಪಾಸಿಘಾಟಿನಲ್ಲಿ 2023ರಲ್ಲಿ ಇದಕ್ಕಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತೆಂಬುದು ಸಮಾಧಾನದ ಸಂಗತಿ. ಆದರೆ ತಮ್ಮ ಸತ್ತವರನ್ನು ಹುಡುಕಿಕೊಂಡು ಅವರು ಹನ್ನೆರಡು ಸಾವಿರ ಕಿಲೋಮೀಟರು ಬರುತ್ತಾರೆ. ನಾವು ನಮ್ಮ ಕೆರೆಯ ಏರಿಯಿಂದ ಕೆಳಗಿಳಿದು ನೋಡುವುದಿಲ್ಲ.

ಕಾನೂನಿನ ಮಾತಿಗೆ ಬರೋಣ. ಬ್ರಿಟನ್ 1986ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಸೇನಾ ಸೇವೆಯಲ್ಲಿದ್ದಾಗ ಬಿದ್ದ ಪ್ರತಿಯೊಂದು ವಿಮಾನವೂ ತಾನಾಗಿಯೇ ರಕ್ಷಿತ ಅವಶೇಷ. ಪರವಾನಗಿಯಿಲ್ಲದೆ ಮುಟ್ಟುವುದು ಅಪರಾಧ. ಅಮೆರಿಕದ 2004ರ ಕಾಯಿದೆ, ತನ್ನ ಸೇನೆಯ ಮುಳುಗಿದ ಹಡಗು ವಿಮಾನಗಳ ಮೇಲಿನ ಹಕ್ಕು ಎಷ್ಟು ಕಾಲ ಕಳೆದರೂ ಅಳಿಯದೆಂದು ಸಾರುತ್ತದೆ. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ 1972ರ ಪುರಾವಸ್ತು ಕಾಯಿದೆಯೂ ನೂರು ವರ್ಷದ ಗೆರೆ ಎಳೆದು ಕುಳಿತಿವೆ. ಹಸ್ತಪ್ರತಿಗಳಿಗೆ ಮಾತ್ರ ಎಪ್ಪತ್ತೈದರ ರಿಯಾಯಿತಿ. 1942ರಲ್ಲಿ ತಯಾರಾದ ವಿಮಾನ ಪುರಾವಸ್ತುವಾಗುವುದು 2042ಕ್ಕೆ. ಅಲ್ಲಿಯವರೆಗೆ ಅದು ಕಾನೂನಿನ ದೃಷ್ಟಿಯಲ್ಲಿ ಗುಜರಿ. ತಮಾಷೆಯೆಂದರೆ, ನೆಲದಲ್ಲಿ ಹುದುಗಿದ ಹತ್ತು ರೂಪಾಯಿಗೆ ಮಿಕ್ಕಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆಂದು ಬ್ರಿಟಿಷರು 1878ರಲ್ಲೇ ನಿಯಮ ಮಾಡಿದ್ದರು. ಚಿನ್ನದ ಆಸೆಗಾದರೂ ಅವರು ನೆಲದ ಕಡೆ ಕಣ್ಣಿಟ್ಟಿದ್ದರು. ನಮಗೆ ಆ ಆಸೆಯೂ ಇಲ್ಲ.

ನೂರು ವರ್ಷವೆಂಬ ಗೆರೆ ಕಲ್ಲಿಗೆ ಸರಿ, ತಾಮ್ರಪಟಕ್ಕೆ ಸರಿ. ಬೆರಳಿನಷ್ಟೂ ದಪ್ಪವಿಲ್ಲದ ತಗಡಿಗೆ ಅದು ಮರಣಶಾಸನ. ಅದಕ್ಕಿಂತ ಮುಖ್ಯವಾಗಿ, ಆ ಗೆರೆ ಮುಟ್ಟುವ ಹೊತ್ತಿಗೆ ವಿಮಾನ ಬಿದ್ದುದನ್ನು ಕಂಡ ಕಣ್ಣು ಒಂದೂ ಉಳಿದಿರುವುದಿಲ್ಲ. ಕೆರೆಯಲ್ಲಿ ವಿಮಾನ ಹುಡುಕುವ ಕೆಲಸ ಸೋನಾರಿನಿಂದ ಆರಂಭವಾಗುವುದಿಲ್ಲ, ಮುದುಕರ ಬಾಯಿಂದ ಆರಂಭವಾಗುತ್ತದೆ. ಬಲೆ ಯಾವ ಜಾಗದಲ್ಲಿ ಸಿಕ್ಕಿ ಹರಿಯುತ್ತದೆಂದು ಬೆಸ್ತನಿಗೆ ಗೊತ್ತು. ಅವನ ಅಪ್ಪ ಏನೆಂದು ಹೇಳಿದ್ದನೆಂಬುದೂ ಗೊತ್ತು. ಆಮೇಲೆ ವಾಯುಪಡೆಯ ದಾಖಲೆಗಳು, ಆಮೇಲೆ ಉಕ್ಕಿನ ಇಂಜಿನ್ನನ್ನು ಗುರುತಿಸುವ ಅಯಸ್ಕಾಂತ ಯಂತ್ರ, ಕೊನೆಗೆ ಮುಳುಗುವವರು. ಈ ಸರಪಳಿಯ ಮೊದಲ ಕೊಂಡಿ ಪ್ರತಿ ವರ್ಷವೂ ಮಸಣಕ್ಕೆ ಹೋಗುತ್ತಿದೆ.

"ನಮಗೆ ಅಷ್ಟು ಸಾಮರ್ಥ್ಯವೆಲ್ಲಿದೆ?" ಎಂಬ ಎರಡನೆಯ ಆಕ್ಷೇಪವನ್ನು ನಾನು ಇನ್ನೂ ಕಡಿಮೆ ಗೌರವದಿಂದ ಕಾಣುತ್ತೇನೆ. 1990ರ ಮಾರ್ಚ್ 10ರಂದು ಹೈದರಾಬಾದಿನ ಹುಸೇನ್ ಸಾಗರದಲ್ಲಿ ಬುದ್ಧನ ಏಕಶಿಲಾ ವಿಗ್ರಹ ದೋಣಿಯ ಸಮೇತ ಮುಳುಗಿತು. ಮುನ್ನೂರು ಟನ್ನಿಗೂ ಮಿಕ್ಕಿದ ಆ ಕಲ್ಲನ್ನು 1992ರ ಡಿಸೆಂಬರಿನಲ್ಲಿ ನೀರಿನಿಂದ ಎತ್ತಿ ನಿಲ್ಲಿಸಿದರು. 2019ರ ಸೆಪ್ಟೆಂಬರ್ 15ರಂದು ಗೋದಾವರಿಯ ಕಚ್ಚುಲೂರಿನಲ್ಲಿ ಪ್ರವಾಸಿಗರ ದೋಣಿ ಮುಳುಗಿದಾಗ, ಸುಳಿಯಿರುವ ಆ ಮಡುವಿನಿಂದ ಅದನ್ನು ಎತ್ತಿದವರು ಕಾಕಿನಾಡದ ಧರ್ಮಾಡಿ ಸತ್ಯಂ ಮತ್ತು ಅವರ ಸಂಗಡಿಗರು. ಹಗ್ಗ, ಲಂಗರು, ವಿಶಾಖಪಟ್ಟಣದ ಮುಳುಗುಗಾರರ ಧೈರ್ಯ, ಇಷ್ಟರಿಂದಲೇ ಅಕ್ಟೋಬರ್ 22ರಂದು ದೋಣಿ ಮೇಲೆ ಬಂತು. 1971ರ ಡಿಸೆಂಬರಿನಲ್ಲಿ ನಮ್ಮ ಈ ಬಂದರಿನ ಹೊರಗೆ ಮುಳುಗಿದ ಪಾಕಿಸ್ತಾನದ 'ಘಾಜಿ' ಜಲಾಂತರ್ಗಾಮಿಯ ನೆಲೆಯನ್ನು ನೌಕಾಪಡೆ ತನ್ನ ಹೊಸ ಯಂತ್ರದಿಂದ ಗುರುತಿಸಿದ ಸುದ್ದಿ 2024ರಲ್ಲಿ ಹೊರಬಿತ್ತು. ಗುರುತಿಸಿ, ಸತ್ತವರ ಮೇಲಿನ ಗೌರವದಿಂದ ಮುಟ್ಟದೆ ಬಿಟ್ಟರು. ಶತ್ರುವಿನ ಗೋರಿಗೂ ಮರ್ಯಾದೆ ಕೊಡಬಲ್ಲ ಸಂಸ್ಕೃತಿ ನಮಗಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಲ್ಲಿ 2001ರಿಂದ ಜಲಾಂತರ ಪುರಾತತ್ತ್ವ ವಿಭಾಗವೇ ಇದೆ. 2025ರಲ್ಲಿ ಅದು ದ್ವಾರಕೆಯ ನೀರಿಗೆ ಮತ್ತೆ ಇಳಿದಿದೆ. ಕೃಷ್ಣನ ಪಟ್ಟಣವನ್ನು ಹುಡುಕುವ ಕೈಗಳಿಗೆ ಕೆರೆಯಲ್ಲಿನ ಇಂಜಿನ್ನೊಂದು ಭಾರವೇ?

ಇನ್ನೊಂದು ಸಂಗತಿಯನ್ನು ಗಾಜುವಾಕದಲ್ಲಿ ಕುಳಿತು ಬರೆಯುವವನು ಬಿಡುವಂತಿಲ್ಲ. 2016ರ ಜುಲೈ 22ರಂದು ತಾಂಬರಂನಿಂದ ಪೋರ್ಟ್ ಬ್ಲೇರಿಗೆ ಹೊರಟ ವಾಯುಪಡೆಯ ಎಎನ್-32 ವಿಮಾನ ಇಪ್ಪತ್ತೊಂಬತ್ತು ಮಂದಿಯೊಡನೆ ಕಾಣೆಯಾಯಿತು. ಅವರಲ್ಲಿ ಎಂಟು ಮಂದಿ ವಿಶಾಖಪಟ್ಟಣದ ನೌಕಾ ಶಸ್ತ್ರಾಗಾರದ ನಾಗರಿಕ ನೌಕರರು. ನಮ್ಮಂತೆಯೇ ಕಚೇರಿಯ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದವರು. ಕೆಲವೇ ತಿಂಗಳಲ್ಲಿ ಅವರನ್ನು ಮೃತರೆಂದು ಭಾವಿಸಿ ಕಾಗದ ಬಂತು. ಕಾಗದ ಬಂದ ಮಾತ್ರಕ್ಕೆ ಮನೆಯವರು ಬಾಗಿಲ ಕಡೆ ನೋಡುವುದನ್ನು ನಿಲ್ಲಿಸುತ್ತಾರೆಯೇ? 2024ರ ಜನವರಿಯಲ್ಲಿ, ಏಳೂವರೆ ವರ್ಷಗಳ ನಂತರ, ಚೆನ್ನೈ ತೀರದಿಂದ ಸುಮಾರು 310 ಕಿಲೋಮೀಟರು ದೂರದಲ್ಲಿ, 3,400 ಮೀಟರು ಆಳದಲ್ಲಿ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸ್ವಯಂಚಾಲಿತ ಜಲಯಾನವು ಆ ವಿಮಾನದ ಅವಶೇಷಗಳ ಚಿತ್ರ ತೆಗೆಯಿತು. ಲೋಹದ ಚೂರುಗಳ ಆ ಚಿತ್ರ ನೋಡಿ ಯಾರೂ ಹಿಂದಿರುಗಿ ಬರಲಿಲ್ಲ. ಆದರೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಬಂತು. ಮೂರೂವರೆ ಸಾವಿರ ಮೀಟರಿನ ಕತ್ತಲೆಯಲ್ಲಿ ಕಾಣಬಲ್ಲ ದೇಶಕ್ಕೆ ಮೂರಾಳು ನೀರಿನಲ್ಲಿ ಕಾಣಲಾಗದೆ? ಕಾಣಲಾಗದ್ದಲ್ಲ, ನೋಡಬೇಕೆನಿಸಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮುಳುಗಿದ ವಿಮಾನವೆಂದೊಡನೆ ಹಗ್ಗ ಕೊಕ್ಕೆ ಹಿಡಿದು ಓಡುವ ಹವ್ಯಾಸಿಗಳ ಪರವಾಗಿ ನಾನು ವಾದಿಸುತ್ತಿಲ್ಲ. ಹೊರದೇಶಗಳಲ್ಲಿ ಸ್ಮರಣಿಕೆ ಮಾರುವವರೂ, ಯಂತ್ರಫಲಕ ಕಿತ್ತು ಗೋಡೆಗೆ ತೂಗುಹಾಕುವವರೂ ಅನೇಕರಿದ್ದಾರೆ. ಅವರಿಗೂ ನಮ್ಮ ಗುಜರಿಯವನಿಗೂ ವ್ಯತ್ಯಾಸ ಬೆಲೆಯಲ್ಲಿ ಮಾತ್ರ. ಕೆಸರಿನೊಳಗೆ ಗಾಳಿಯಿಲ್ಲದೆ ಉಳಿದದ್ದು ಮೇಲೆ ಬಂದೊಡನೆ ಪುಡಿಯಾಗಬಹುದು. ಒಳಗೆ ಮದ್ದುಗುಂಡು ಇರಬಹುದು. ಮನುಷ್ಯನ ಎಲುಬು ಇರಬಹುದು. ಎಲ್ಲವನ್ನೂ ಎತ್ತಬೇಕಾಗಿಲ್ಲ. ಗುರುತಿಸಬೇಕು, ದಾಖಲಿಸಬೇಕು, ಕಾಯಬೇಕು. ಎತ್ತುವುದೋ ಬಿಡುವುದೋ ಆಮೇಲಿನ ಮಾತು.

ಹಾಗಾದರೆ ಆಗಬೇಕಾದದ್ದೇನು? ಯುದ್ಧಕಾಲದಲ್ಲಿ ವಿಮಾನ ನೆಲೆಗಳಿದ್ದ ಅಥವಾ ಅವುಗಳ ಸಮೀಪವಿದ್ದ ಕೆರೆ ಸರೋವರಗಳ ಪಟ್ಟಿಯೊಂದು ತಯಾರಾಗಲಿ. ಅಂತಹ ಕೆರೆಗಳ ಹೂಳೆತ್ತುವ ಟೆಂಡರಿನಲ್ಲಿ ಪೂರ್ವಶೋಧನೆಯ ಷರತ್ತು ಸೇರಲಿ. ಹೂಳೆತ್ತುವ ವೆಚ್ಚದ ಮುಂದೆ ಅದರ ವೆಚ್ಚ ಅತ್ಯಲ್ಪ. ಮಿಲಿಟರಿ ವಿಮಾನ ಹಡಗುಗಳ ಅವಶೇಷಗಳಿಗೆ, ಹಸ್ತಪ್ರತಿಗೆ ಕೊಟ್ಟಂತೆಯೇ, ನೂರು ವರ್ಷದ ಗೆರೆಯಿಂದ ವಿನಾಯಿತಿ ದೊರೆಯಲಿ. ಜಿಲ್ಲೆಗೊಬ್ಬ ಅಧಿಕಾರಿಯನ್ನು ಹೆಸರಿಸಿ, ಸಿಕ್ಕ ವಸ್ತುವನ್ನು ಅವರಿಗೆ ತೋರಿಸುವ ವ್ಯವಸ್ಥೆಯಾಗಲಿ. ಒಬ್ಬ ಬೆಸ್ತ, ಒಬ್ಬ ಗುಜರಿಯವ, ಒಬ್ಬ ನನ್ನಂತಹವ, ಮೂರು ಕಚೇರಿ ಸುತ್ತುವಂತಾಗದಿರಲಿ. ಇವು ಸರ್ಕಾರಗಳು ಮಾಡಬೇಕಾದ ಕೆಲಸ. ನಾವು, ಹೊರನಾಡ ಕನ್ನಡಿಗರು, ಯಾರ ಅನುಮತಿಗೂ ಕಾಯದೆ ಮಾಡಬಹುದಾದದ್ದೊಂದಿದೆ. ವಿಮಾನಪುರದಿಂದ ಹೊರಬಂದು ನಾಸಿಕ್, ಕೋರಾಪುಟ್, ಹೈದರಾಬಾದ್, ಕಾನ್ಪುರಗಳಲ್ಲಿ ನೆಲೆಸಿದ ಕಾರ್ಖಾನೆಯ ಕುಟುಂಬಗಳು ನಮ್ಮ ಸಂಘಗಳಲ್ಲೇ ಇವೆ. ಅವರ ಪೆಟ್ಟಿಗೆಗಳಲ್ಲಿ ಅಜ್ಜನ ಗುರುತಿನ ಚೀಟಿ, ಹಳೆಯ ಭಾವಚಿತ್ರ, ಬೆಳ್ಳಂದೂರು ಕೆರೆಯ ಮೇಲೆ ತೇಲುವ ವಿಮಾನದ ನೆನಪು ಇದ್ದರೆ ಅದನ್ನು ಬರೆಸಿಡೋಣ. ರಾಜ್ಯೋತ್ಸವದ ವಾದ್ಯಗೋಷ್ಠಿಗೆ ಕೂಡಿಸುವ ಚಂದಾದಲ್ಲಿ ಒಂದು ಪಾಲು ಇದಕ್ಕೆ ಸಾಕು.

ಕೊನೆಯದಾಗಿ, ನನ್ನ ಹಿರಿಯ ಮಿತ್ರರಿಗೆ ಒಂದು ಮಾತು. ಸತ್ತವನು ನಮ್ಮವನೇ ಎಂದು ವಿಚಾರಿಸಿ ಕಲ್ಲು ನಿಲ್ಲಿಸುವ ಜಿಪುಣತನ ಕನ್ನಡ ನಾಡಿನದಾಗಿರಲಿಲ್ಲ. ತುರು ಕಾಯುತ್ತ ಸತ್ತವನಿಗೂ, ದೊರೆಗಾಗಿ ಸತ್ತವನಿಗೂ ವೀರಗಲ್ಲು ನೆಟ್ಟ ನಾಡು ಇದು. ಬೆಳ್ಳಂದೂರಿಗೆ ಕೂಗಳತೆಯಲ್ಲಿರುವ ಬೇಗೂರಿನಲ್ಲಿ, ಬೆಂಗಳೂರಿನ ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗೆ ಗಂಗರ ಕಾಲದಲ್ಲಿ ನೆಟ್ಟ ಕಲ್ಲೇ ಆ ನಗರದ ಹೆಸರಿಗೆ ನಮಗಿರುವ ಅತಿ ಹಳೆಯ ಸಾಕ್ಷಿ. ಹತ್ತನೆಯ ಶತಮಾನದ ಆತಕೂರಿನ ಶಾಸನ, ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನೂ ನೆನೆಯುತ್ತದೆ. ನಾಯಿಗೂ ಕಲ್ಲಿನಲ್ಲಿ ಜಾಗ ಕೊಟ್ಟವರ ವಂಶದವರು ನಾವು. ನಮ್ಮದೇ ಕೆರೆಗಳ ಮೇಲೆ ಹಾರಿದವರಿಗೂ, ಅವರ ವಿಮಾನಗಳಿಗೆ ರಿವೆಟ್ಟು ಬಡಿದ ನಮ್ಮದೇ ಅಜ್ಜಂದಿರಿಗೂ ಒಂದು ಸಾಲು ಬರೆಯದೆ ಹೋದರೆ ಆ ವಂಶದ ಹೆಸರು ಹೇಳಿಕೊಳ್ಳುವ ಹಕ್ಕು ನಮಗಿದೆಯೇ?

ಆಟೋನಗರದ ಅಂಗಡಿಯಾತನಿಗೆ ನನ್ನ ದೂರವಾಣಿ ಸಂಖ್ಯೆ ಕೊಟ್ಟು ಬಂದಿದ್ದೇನೆ. ಅಂತಹ ತುಂಡು ಮತ್ತೆ ಬಂದರೆ ಕರಗಿಸುವ ಮುನ್ನ ನನಗೆ ಹೇಳುವಂತೆ ಕೇಳಿದ್ದೇನೆ, ತೂಕದ ಮೇಲೆ ಹತ್ತು ರೂಪಾಯಿ ಹೆಚ್ಚು ಕೊಡುವುದಾಗಿ ಒಪ್ಪಿದ್ದೇನೆ. ನಮ್ಮ ಓದುಗರು ತಂತಮ್ಮ ಊರಿನಲ್ಲಿ ಇಷ್ಟನ್ನಾದರೂ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.